ಹೊಸಬರು ಒಂದು ಸಲ ಬಂದು ಮತ್ತೆ ಯಾಕೆ ಬರುವುದಿಲ್ಲ? ವೃತ್ತಿ ಸಂಘಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಲ ವೃತ್ತಿ ಸಂಘಗಳ ಬಗ್ಗೆ ಒಂದು ಸಣ್ಣ ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅದೇ ವಿಷಯದ್ದು. ಸಂಘ ನಡೆಸುವವರು ಬರೆದಿದ್ದಾರೆ, ಸಂಘ ಬಿಟ್ಟವರು ಬರೆದಿದ್ದಾರೆ, ಸೇರಬೇಕೋ ಬೇಡವೋ ಅಂತ ಯೋಚಿಸುತ್ತಿರುವವರೂ ಬರೆದಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ. ಇಂಜಿನಿಯರ್, ವೈದ್ಯ, ವಕೀಲ, ಲೆಕ್ಕಪರಿಶೋಧಕ, ಗ್ರಂಥಪಾಲಕ, ಯಾರ ಸಂಘವಾದರೂ ತೊಂದರೆ ಹೆಚ್ಚುಕಡಿಮೆ ಒಂದೇ ಇದೆ: ಹೊಸಬರು ಬರುವುದಿಲ್ಲ, ಬಂದರೂ ಉಳಿಯುವುದಿಲ್ಲ. ಹೆಸರು ಹಾಕಬೇಡಿ ಅಂತ ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಒಂದು ವೃತ್ತಿ ಸಂಘದ ಕಾರ್ಯದರ್ಶಿ. ನಮ್ಮ ಸಭೆಗೆ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಿವೃತ್ತರು. ಯುವಕರನ್ನು ಸೆಳೆಯಬೇಕು ಅಂತ ಇನ್‌ಸ್ಟಾಗ್ರಾಂ ಪುಟ ತೆರೆದೆವು, ಹೊಸ ಲೋಗೊ ಮಾಡಿಸಿದೆವು, ಯುವ ಸಮಾವೇಶ ಅಂತ ಒಂದು ದಿನದ ಕಾರ್ಯಕ್ರಮವನ್ನೂ ಮಾಡಿದೆವು. ಅವತ್ತು ಬಂದವರು ಮತ್ತೆ ಬರಲಿಲ್ಲ. ಈಗಿನವರಿಗೆ ಸಂಘ ಅಂದರೆ ಆಸಕ್ತಿಯೇ ಇಲ್ಲವೇ?

ಉತ್ತರ: ಆಸಕ್ತಿ ಇದೆ. ನಿಮ್ಮ ವೃತ್ತಿಯ ಇಪ್ಪತ್ತೈದು ವರ್ಷದವರು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಹಿಡಿದು ಏನು ಮಾಡುತ್ತಾರೆ ಅಂತ ಒಮ್ಮೆ ವಿಚಾರಿಸಿ ನೋಡಿ. ಗುರುತು ಪರಿಚಯ ಇಲ್ಲದ ಯಾರೋ ಕೇಳಿದ ಸಂಶಯಕ್ಕೆ ಉತ್ತರ ಬರೆಯುತ್ತಿರುತ್ತಾರೆ, ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳನ್ನು ಹಂಚಿಕೊಳ್ಳುತ್ತಿರುತ್ತಾರೆ, ಯಾವ ಕಂಪನಿ ಎಷ್ಟು ಸಂಬಳ ಕೊಡುತ್ತದೆ, ಯಾವ ಬಾಸ್ ಹೇಗೆ ಅಂತ ಒಬ್ಬರಿಗೊಬ್ಬರು ಎಚ್ಚರಿಸುತ್ತಿರುತ್ತಾರೆ. ಇದೇ ತಾನೇ ಸಂಘದ ಕೆಲಸ? ಅವರು ಸಂಘವನ್ನು ಕಟ್ಟಿಕೊಂಡಿದ್ದಾರೆ. ನಿಮ್ಮ ಸಂಘದಲ್ಲಿ ಮಾತ್ರ ಇಲ್ಲ.

ಒಂದು ಹಳೆಯ ಸಂಗತಿ ಹೇಳುತ್ತೇನೆ, ಇದು ನನಗೆ ತುಂಬ ಇಷ್ಟವಾದದ್ದು. 1818ರ ಜನವರಿ 2ರಂದು ಲಂಡನ್ನಿನ ಒಂದು ಕಾಫಿ ಹೌಸ್‌ನಲ್ಲಿ ಬೆರಳೆಣಿಕೆಯಷ್ಟು ಯುವ ಇಂಜಿನಿಯರ್‌ಗಳು ಸೇರಿದರು. ಅವರಲ್ಲಿ ಮುಂದಾಳಾಗಿದ್ದ ಹೆನ್ರಿ ರಾಬಿನ್ಸನ್ ಪಾಮರ್‌ಗೆ ಆಗ ಇನ್ನೂ ಇಪ್ಪತ್ತೈದು ದಾಟಿರಲಿಲ್ಲ. ಆಗ ಅಲ್ಲಿ ಇಂಜಿನಿಯರಿಂಗ್ ಕಲಿಯುವುದು ಅಂದರೆ ಯಾರಾದರೂ ಹಿರಿಯರ ಕೈಕೆಳಗೆ ದುಡಿದು ಕಲಿಯುವುದು. ಗುರುವಿಗೆ ಸೇತುವೆ ಗೊತ್ತಿದ್ದರೆ ಶಿಷ್ಯನಿಗೂ ಸೇತುವೆ, ಗುರುವಿಗೆ ಕಾಲುವೆ ಗೊತ್ತಿದ್ದರೆ ಶಿಷ್ಯನಿಗೂ ಕಾಲುವೆ, ಅಷ್ಟೇ. ಬೇರೆಯವರಿಗೆ ಗೊತ್ತಿರುವುದು ನಮಗೂ ಗೊತ್ತಾಗಬೇಕು ಅಂತ ಈ ಹುಡುಗರು ತಮ್ಮ ತಮ್ಮಲ್ಲೇ ಕಲಿಯಲು ಸಂಘ ಮಾಡಿಕೊಂಡರು. ಅದೇ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಇಂಜಿನಿಯರ್ಸ್, ಇವತ್ತಿಗೂ ನಡೆಯುತ್ತಿದೆ. ಜಗತ್ತಿನ ಹಳೆಯ ವೃತ್ತಿ ಸಂಘಗಳಲ್ಲಿ ಒಂದಾದ ಅದನ್ನು ಶುರು ಮಾಡಿದವರು ಕೆಲಸದ ಮೊದಲ ಮೆಟ್ಟಿಲಲ್ಲಿ ನಿಂತವರು.

ನನ್ನ ಮಾತು ಇಷ್ಟೇ. ಒಬ್ಬ ಮನುಷ್ಯನಿಗೆ ವೃತ್ತಿ ಸಂಘ ಅತಿ ಹೆಚ್ಚು ಬೇಕಾಗುವುದು ವೃತ್ತಿಯ ಮೊದಲ ಹತ್ತು ವರ್ಷದಲ್ಲಿ. ನಮ್ಮ ಸಂಘಗಳು ಅತಿ ಹೆಚ್ಚು ಕೆಲಸ ಮಾಡುತ್ತಿರುವುದು ಕೊನೆಯ ಹತ್ತು ವರ್ಷದವರಿಗಾಗಿ. ಯಾರೂ ಬೇಕೆಂದು ಹೀಗೆ ಮಾಡಿದ್ದಲ್ಲ. ಸಂಘ ಶುರು ಮಾಡಿದವರಿಗೆ ವಯಸ್ಸಾಯಿತು, ಅವರ ಜೊತೆಗೇ ಕಾರ್ಯಕ್ರಮಗಳಿಗೂ ವಯಸ್ಸಾಯಿತು. ಒಂದು ಕೆಲಸ ಮಾಡಿ. ಕಳೆದ ವರ್ಷದ ಕಾರ್ಯಕ್ರಮಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿಯೊಂದರ ಎದುರು, ಇದರಿಂದ ಕೆಲಸಕ್ಕೆ ಸೇರಿ ಎರಡು ವರ್ಷ ಆದವರಿಗೆ ಮಾರನೇ ದಿನ ಆಫೀಸಿನಲ್ಲಿ ಏನು ಉಪಯೋಗ ಆಯಿತು ಅಂತ ಬರೆಯಿರಿ. ಸನ್ಮಾನ, ಉದ್ಘಾಟನೆ, ಅತಿಥಿಗಳ ಭಾಷಣ, ಸ್ಮರಣ ಸಂಚಿಕೆ ಬಿಡುಗಡೆ, ಇವುಗಳ ಎದುರು ಬರೆಯಲು ಏನೂ ಸಿಗುವುದಿಲ್ಲ.

ಆ ವಯಸ್ಸಿನವರಿಗೆ ಏನು ಬೇಕು? ಮೊದಲ ಕೆಲಸದ ಕರಾರುಪತ್ರದಲ್ಲಿ ಯಾವ ಸಾಲನ್ನು ಎರಡು ಸಲ ಓದಬೇಕು. ಮೇಲಿನವರು ತಪ್ಪು ಕಾಗದಕ್ಕೆ ಸಹಿ ಹಾಕು ಅಂದರೆ ಏನು ಹೇಳಬೇಕು. ಸಂಬಳ ಜಾಸ್ತಿ ಕೇಳುವುದು ಹೇಗೆ. ತಾನು ಮಾಡಿದ ತಪ್ಪನ್ನು ಯಾರ ಹತ್ತಿರ ಒಪ್ಪಿಕೊಳ್ಳಬೇಕು. ಇದೇ ವೃತ್ತಿಯಲ್ಲಿ ಇರಬೇಕೋ ಬೇಡವೋ ಅನ್ನುವ ಸಂಶಯ ಬಂದಾಗ ಯಾರ ಹತ್ತಿರ ಮಾತಾಡಬೇಕು. ಇವುಗಳಲ್ಲಿ ಒಂದೇ ಒಂದನ್ನು ತೆಗೆದುಕೊಂಡು, ವೇದಿಕೆ ಇಲ್ಲದೆ, ಇಪ್ಪತ್ತು ಜನ ಸುತ್ತ ಕೂತು ಎರಡು ಗಂಟೆ ಮಾತಾಡುವ ಹಾಗೆ ಮಾಡಿ. ಇನ್‌ಸ್ಟಾಗ್ರಾಂ ಪುಟ ಇರಲಿ, ಅದು ಬಾಗಿಲ ಮೇಲಿನ ಬೋರ್ಡು. ಒಳಗೆ ಬಂದವರಿಗೆ ಕೊಡಲು ಏನಾದರೂ ಇರಬೇಕು, ಅಲ್ವಾ?

ಪ್ರಶ್ನೆ: ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ಹಿರಿಯರೊಬ್ಬರು ಒತ್ತಾಯ ಮಾಡಿದ್ದರಿಂದ ಸಂಘದ ಸದಸ್ಯಳಾದೆ. ಎರಡು ಸಭೆಗೆ ಹೋದೆ, ಯಾರೂ ಮಾತಾಡಿಸಲಿಲ್ಲ. ಆಮೇಲೆ ಬಂದದ್ದು ಶುಲ್ಕ ಕಟ್ಟಿ ಅನ್ನುವ ಇಮೇಲ್ ಮಾತ್ರ. ನನಗೆ ಬೇಕಾದ್ದೆಲ್ಲ ನೆಟ್‌ನಲ್ಲಿ ಸಿಗುತ್ತದೆ. ಸದಸ್ಯತ್ವ ಮುಂದುವರಿಸಲು ಒಂದಾದರೂ ಕಾರಣ ಇದೆಯೇ?

ಉತ್ತರ: ನಿಮ್ಮ ಪತ್ರ ಓದಿ ಬೇಜಾರಾಯಿತು, ಯಾಕೆಂದರೆ ಇದೇ ಮಾತನ್ನು ಬೇರೆ ಬೇರೆ ಕೈಬರಹದಲ್ಲಿ ಎಷ್ಟೋ ಜನ ಬರೆದಿದ್ದಾರೆ. ಯಾರೂ ಮಾತಾಡಿಸದ ಕೋಣೆಯಲ್ಲಿ ಎರಡು ಗಂಟೆ ಕೂತು ಬರುವುದು ಎಷ್ಟು ಕಷ್ಟ ಅಂತ ಒಳಗಿರುವವರಿಗೆ ಮರೆತೇ ಹೋಗಿರುತ್ತದೆ. ಅವರು ಒಬ್ಬರಿಗೊಬ್ಬರು ಇಪ್ಪತ್ತು ವರ್ಷದ ಗೆಳೆಯರು, ಭೇಟಿಯಾದ ಖುಷಿಯಲ್ಲಿ ತಮ್ಮ ತಮ್ಮಲ್ಲೇ ಮಾತಾಡುತ್ತಾರೆ. ನಿಮ್ಮ ಬಗ್ಗೆ ಅವರಿಗೆ ಕೆಟ್ಟ ಭಾವನೆ ಏನೂ ಇಲ್ಲ, ನೀವು ಅವರ ಕಣ್ಣಿಗೆ ಬಿದ್ದಿಲ್ಲ. ಆದರೂ ತಪ್ಪು ಅವರದೇ.

ಈಗ ಕಾರಣಕ್ಕೆ ಬರುತ್ತೇನೆ. ಮಾಹಿತಿಗಾಗಿ ಸಂಘ ಬೇಕಿಲ್ಲ, ನೀವು ಹೇಳಿದ್ದು ಸರಿ. ಪುಸ್ತಕ, ಪಾಠ, ನಿಯಮ ಎಲ್ಲ ಫೋನಿನಲ್ಲೇ ಇದೆ. ನೆಟ್‌ನಲ್ಲಿ ಸುಲಭಕ್ಕೆ ಸಿಗದೆ ಇರುವುದು ಅರ್ಧ ಪರಿಚಯದ ಜನ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು ಒಂದು ಲೇಖನ ಪ್ರಕಟಿಸಿದರು. ಹೊಸ ಕೆಲಸಕ್ಕೆ ಸೇರಿದ ವೃತ್ತಿಪರರು, ತಂತ್ರಜ್ಞರು, ಮ್ಯಾನೇಜರ್‌ಗಳನ್ನು ಅವರು ಕೇಳಿದ್ದರು: ಪರಿಚಯದವರ ಮೂಲಕ ಕೆಲಸ ಸಿಕ್ಕಿದ್ದರೆ, ಆ ಪರಿಚಯದವರನ್ನು ನೀವು ಆಗ ಎಷ್ಟು ಸಲ ನೋಡುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆ ಅಂದವರು ನೂರಕ್ಕೆ ಸುಮಾರು 17. ಆಗೊಮ್ಮೆ ಈಗೊಮ್ಮೆ ಅಂದವರು ಸುಮಾರು 56. ವರ್ಷಕ್ಕೆ ಒಂದು ಸಲ ಅಥವಾ ಅದಕ್ಕಿಂತ ಕಡಿಮೆ ಅಂದವರು ಸುಮಾರು 28. ಕೇಳಿದ್ದು ಕೆಲವೇ ಡಜನ್ ಜನರನ್ನು, ಆದರೂ ಕಾರಣ ಯೋಚಿಸಿದರೆ ಸರಳವಾಗಿದೆ. ಆಪ್ತ ಗೆಳೆಯರಿಗೆ ಗೊತ್ತಿರುವುದು ನಿಮಗೂ ಆಗಲೇ ಗೊತ್ತಿರುತ್ತದೆ, ನೀವೆಲ್ಲ ಒಂದೇ ಕಡೆ ಓಡಾಡುವವರು. ಅಪರೂಪಕ್ಕೆ ಸಿಗುವವರು ಬೇರೆ ಕಡೆಯ ಸುದ್ದಿ ತರುತ್ತಾರೆ. ಅಂಥವರು ಒಟ್ಟಿಗೆ ಒಂದು ಕೋಣೆಯಲ್ಲಿ ಸಿಗುವ ಜಾಗ ಅಂದರೆ ವೃತ್ತಿ ಸಂಘ. ಕೆಲಸಕ್ಕೆ ಮಾತ್ರ ಅಲ್ಲ, ಕೆಲಸದಲ್ಲಿ ಸಿಕ್ಕಿಹಾಕಿಕೊಂಡಾಗಲೂ ಇವರು ಬೇಕು. ನಿಮ್ಮ ಆಫೀಸಿನ ತೊಂದರೆಯನ್ನು ನಿಮ್ಮ ಆಫೀಸಿನವರ ಹತ್ತಿರವೇ ಹೇಳಿಕೊಳ್ಳಲು ಆಗುವುದಿಲ್ಲವಲ್ಲ.

ನನ್ನ ಅನುಭವವನ್ನೂ ಹೇಳುತ್ತೇನೆ. ನಾನೂ ಮೊದಲ ಎರಡು ಸಭೆಯಲ್ಲಿ ಹಿಂದಿನ ಸಾಲಿನ ತುದಿಯಲ್ಲಿ ಕೂತು ಬಂದವನು. ಮೂರನೆಯದಕ್ಕೆ ಹೋಗುವ ಮನಸ್ಸಿರಲಿಲ್ಲ. ಆ ದಿನ ಸಭೆಯ ನಡಾವಳಿ ಬರೆಯುವವರು ಬಂದಿರಲಿಲ್ಲ, ಅಧ್ಯಕ್ಷರು ಸುತ್ತ ನೋಡಿ ನನ್ನ ಕೈಗೆ ಪುಸ್ತಕ ಕೊಟ್ಟರು. ಯಾರು ಏನು ಹೇಳಿದರು ಅಂತ ಬರೆಯಬೇಕಾದರೆ ಅವರ ಹೆಸರು ಕೇಳಲೇಬೇಕು. ಹಾಗೆ ಹೆಸರು ಕೇಳುತ್ತಾ ಕೇಳುತ್ತಾ ಒಂದೇ ಸಂಜೆಯಲ್ಲಿ ಎಲ್ಲರ ಪರಿಚಯವಾಯಿತು. ಮುಂದಿನ ಸಭೆಗೆ ನಾನು ಹೋಗದಿದ್ದರೆ ನಡಾವಳಿ ಓದುವವರು ಇಲ್ಲ. ಹಾಗಾಗಿ ಹೋದೆ. ಆಮೇಲೆ ಬಿಡಲೇ ಇಲ್ಲ.

ಅದಕ್ಕೇ ನಿಮಗೆ ಹೇಳುವುದು, ಇನ್ನೊಂದು ವರ್ಷ ಮುಂದುವರಿಸಿ, ಆದರೆ ಸುಮ್ನೆ ಕೂರಬೇಡಿ. ಕಾರ್ಯದರ್ಶಿಗೆ ಮೂರು ಸಾಲು ಬರೆಯಿರಿ: ನನಗೆ ಇಂಥ ಕೆಲಸ ಬರುತ್ತದೆ, ತಿಂಗಳಿಗೆ ಇಷ್ಟು ಗಂಟೆ ಕೊಡಬಲ್ಲೆ, ಇಂಥ ವಿಷಯ ತಿಳಿದವರನ್ನು ಪರಿಚಯ ಮಾಡಿಸಿ. ಇದಕ್ಕೂ ಉತ್ತರ ಬರದಿದ್ದರೆ ಬಿಟ್ಟುಬಿಡಿ, ನಾನು ತಡೆಯುವುದಿಲ್ಲ. ಬಿಡುವಾಗ ಯಾಕೆ ಬಿಟ್ಟೆ ಅಂತ ಅವರಿಗೆ ಬರೆದು ಹೇಳಿ. ಸುಮ್ಮನೆ ಹೋದವರೆಲ್ಲ ಶುಲ್ಕ ಕಟ್ಟಲು ಮರೆತವರು ಅಂತಲೇ ಅವರು ಅಂದುಕೊಂಡಿರುತ್ತಾರೆ.

ಇದನ್ನು ಓದುತ್ತಿರುವ ಪದಾಧಿಕಾರಿಗಳಿಗೂ ಒಂದು ಮಾತು. ಹೊಸ ಸದಸ್ಯರಿಗೆ ನಿಮ್ಮಿಂದ ಹೋಗುವ ಎರಡನೇ ಪತ್ರ ಶುಲ್ಕದ ನೋಟಿಸ್ ಆಗಬಾರದು. ಸೇರಿದ ಮೊದಲ ತಿಂಗಳಲ್ಲೇ ಒಬ್ಬರು ಫೋನ್ ಮಾಡಲಿ, ಇಮೇಲ್ ಸಾಲದು. ಮುಂದಿನ ಸಭೆಯಲ್ಲಿ ಬಾಗಿಲ ಹತ್ತಿರ ಒಬ್ಬರು ನಿಂತು ಅವರನ್ನು ಕನಿಷ್ಠ ಮೂರು ಜನಕ್ಕೆ ಪರಿಚಯ ಮಾಡಿಸಲಿ. ಈ ಕೆಲಸಕ್ಕೆ ಹಣ ಬೇಡ, ಒಬ್ಬರ ಹೆಸರಿಗೆ ಜವಾಬ್ದಾರಿ ಬರೆದರೆ ಸಾಕು. ಎಲ್ಲರೂ ನೋಡಿಕೊಳ್ಳುತ್ತಾರೆ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಪ್ರಶ್ನೆ: ನಾನು ಖಜಾಂಚಿ. ಯುವ ಸದಸ್ಯರಿಗೆ ಶುಲ್ಕ ಕಡಿಮೆ ಮಾಡೋಣ ಅಂದರೆ ಹಿರಿಯರು, ನಮಗೇನು ಯಾರಾದರೂ ಕಡಿಮೆ ಮಾಡಿದ್ದರಾ ಅಂತ ಕೇಳುತ್ತಾರೆ. ಶುಲ್ಕ ಇಳಿಸಿದರೆ ನಿಜವಾಗಿ ಜನ ಬರುತ್ತಾರೆಯೇ?

ಉತ್ತರ: ಬರೀ ಶುಲ್ಕ ಇಳಿಸಿದರೆ ಬರುವುದಿಲ್ಲ. ಉಪಯೋಗವಿಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಯಾರೂ ಸಂಜೆಯ ಹೊತ್ತನ್ನು ಅದಕ್ಕೆ ಕೊಡುವುದಿಲ್ಲ. ಆದರೆ ಉಪಯೋಗ ಇದ್ದು, ಶುಲ್ಕದ ಕಾರಣಕ್ಕೇ ಹೊರಗೆ ನಿಂತವರು ಇದ್ದಾರಲ್ಲ, ಅವರಿಗಾಗಿ ಇಳಿಸಲೇಬೇಕು. ವೃತ್ತಿಯ ಆರಂಭದಲ್ಲಿ ಸಂಬಳ ಕಡಿಮೆ, ಸಾಲ ಇರುತ್ತದೆ, ಕೆಲಸ ಗಟ್ಟಿ ಇರುವುದಿಲ್ಲ.

ಹಲವು ಸಂಘಗಳಲ್ಲಿ ನಾನು ನೋಡಿದ ದೊಡ್ಡ ತಪ್ಪು ಬೇರೆಯೇ ಇದೆ. ವಿದ್ಯಾರ್ಥಿಯಾಗಿದ್ದಾಗ ತೀರಾ ಕಡಿಮೆ ಶುಲ್ಕ. ಓದು ಮುಗಿದ ವರ್ಷವೇ ಒಮ್ಮೆಲೇ ಪೂರ್ತಿ ಶುಲ್ಕ. ಅಂದರೆ ಕೆಲಸ ಹುಡುಕುತ್ತಾ ಕೈಯಲ್ಲಿ ಹಣವೇ ಇಲ್ಲದ ಹೊತ್ತಿಗೆ ದೊಡ್ಡ ಮೊತ್ತದ ನೋಟಿಸ್ ಬರುತ್ತದೆ. ಅಲ್ಲೇ ಹೆಚ್ಚಿನವರು ಕಳಚಿಕೊಳ್ಳುತ್ತಾರೆ. ಮೆಟ್ಟಿಲಿನ ಹಾಗೆ ಏರಿಸಿ: ಮೊದಲ ವರ್ಷ ಕಾಲುಭಾಗ, ಮುಂದಿನ ವರ್ಷ ಅರ್ಧ, ಆಮೇಲೆ ಮುಕ್ಕಾಲು, ಹಾಗೆ. ತಿಂಗಳಿಗೆ ಇಷ್ಟು ಅಂತ ಕಟ್ಟಲು ಬಿಡಿ. ಕೆಲಸ ಹೋದವರಿಗೆ, ಹೆರಿಗೆ ರಜೆಯಲ್ಲಿ ಇರುವವರಿಗೆ ಒಂದು ವರ್ಷ ಮಾಫಿ ಮಾಡಿ.

ಹಿರಿಯರಿಗೆ ಲೆಕ್ಕ ತೋರಿಸಿ ಹೇಳಿ. ಈಗ ಸೇರಿ ಮೂವತ್ತು ವರ್ಷ ಉಳಿಯುವ ಒಬ್ಬರು ಮೊದಲ ಮೂರು ವರ್ಷ ಕಡಿಮೆ ಕಟ್ಟಿದರೆ ಸಂಘಕ್ಕೆ ಏನೂ ನಷ್ಟವಿಲ್ಲ.

ಆಜೀವ ಸದಸ್ಯತ್ವದ ಬಗ್ಗೆಯೂ ಯೋಚಿಸಿ. ಒಂದೇ ಸಲ ಹಣ ಕಟ್ಟಿಸಿಕೊಂಡು ಜೀವನಪೂರ್ತಿ ಸದಸ್ಯ ಅಂತ ಮಾಡಿದರೆ ಆ ವರ್ಷ ಖಜಾನೆ ತುಂಬುತ್ತದೆ, ಆದರೆ ಆಮೇಲೆ ಸದಸ್ಯರು ಉಳಿದರೋ ಹೋದರೋ ಅಂತ ಸಂಘಕ್ಕೆ ಗೊತ್ತಾಗುವುದೇ ಇಲ್ಲ. ಪಟ್ಟಿಯಲ್ಲಿ ಸಾವಿರ ಹೆಸರು, ಸಭೆಯಲ್ಲಿ ಮೂವತ್ತು ಜನ. ವರ್ಷ ವರ್ಷ ನವೀಕರಿಸುವ ಸದಸ್ಯರು ಬಿಟ್ಟುಹೋದಾಗ ಏನೋ ತಪ್ಪಾಗಿದೆ ಅಂತ ತಿಳಿಯುತ್ತದೆ.

ಇನ್ನೊಂದು ವಿಷಯ. ಸಂಘ ಹೋರಾಡಿ ಇಡೀ ವೃತ್ತಿಗೆ ಒಳ್ಳೆಯ ನಿಯಮ ತಂದರೆ ಅದರ ಲಾಭ ಸದಸ್ಯರಲ್ಲದವರಿಗೂ ಸಿಗುತ್ತದೆ. ಹಾಗಾದರೆ ಶುಲ್ಕ ಕಟ್ಟಿ ಯಾಕೆ ಸೇರಬೇಕು ಅಂತ ಅನ್ನಿಸುವುದು ಸಹಜ. ಮ್ಯಾನ್ಸರ್ ಓಲ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು 1965ರಲ್ಲೇ ಇದನ್ನು ವಿವರಿಸಿದ್ದಾರೆ: ಎಲ್ಲರಿಗೂ ಸಿಗುವ ಲಾಭಕ್ಕಾಗಿ ದೊಡ್ಡ ಗುಂಪಿನ ಜನ ತಾವಾಗಿ ಒಟ್ಟಾಗುವುದು ಕಷ್ಟ, ಸೇರಿದವರಿಗೆ ಮಾತ್ರ ಸಿಗುವಂಥದ್ದು ಏನಾದರೂ ಬೇಕು. ಯುವ ಸದಸ್ಯರಿಗೆ ಅಂಥದ್ದು ಏನಿದೆ ಅಂತ ನಿಮ್ಮ ಸಮಿತಿಯಲ್ಲಿ ಕೇಳಿ. ತಮ್ಮ ಕೆಲಸವನ್ನು ತಿದ್ದಿಕೊಡುವ ಹಿರಿಯರು, ಪರೀಕ್ಷೆಗೆ ಒಟ್ಟಿಗೆ ಓದುವ ಗುಂಪು, ಕರಾರುಪತ್ರ ನೋಡಿಕೊಡುವ ವಕೀಲರು, ತೊಂದರೆಯಾದಾಗ ಕರೆ ಮಾಡಲು ಒಂದು ನಂಬರ್. ಇದರಲ್ಲಿ ಎರಡು ಇದ್ದರೂ ಶುಲ್ಕದ ಜಗಳ ಅರ್ಧ ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಯುವ ಘಟಕ ಮಾಡಬೇಕು ಅಂತ ಠರಾವು ಆಗಿದೆ. ಎಷ್ಟು ವಯಸ್ಸಿನವರೆಗೆ ಇಡಬೇಕು? ಅವರಿಗೆ ಯಾವ ಕೆಲಸ ಕೊಡಬೇಕು?

ಉತ್ತರ: ವಯಸ್ಸಿಗಿಂತ ವೃತ್ತಿಗೆ ಬಂದು ಎಷ್ಟು ವರ್ಷವಾಯಿತು ಅಂತ ಲೆಕ್ಕ ಹಾಕಿ. ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಇಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಘವಾದ ಐಟ್ರಿಪಲ್‌ಇ ಸಂಸ್ಥೆಯ ಯಂಗ್ ಪ್ರೊಫೆಷನಲ್ಸ್ ಗುಂಪು ಮೊದಲ ಪದವಿ ಪಡೆದ ಮೇಲಿನ 15 ವರ್ಷವನ್ನು ನೋಡುತ್ತದೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಯುವ ವೈದ್ಯರ ವಿಭಾಗ ಎರಡನ್ನೂ ಇಟ್ಟುಕೊಂಡಿದೆ: 40ರೊಳಗಿನವರು, ಇಲ್ಲವೇ ತರಬೇತಿ ಮುಗಿಸಿ ವೃತ್ತಿ ಶುರುಮಾಡಿ ಎಂಟು ವರ್ಷದೊಳಗಿನವರು. ಇದು ಒಳ್ಳೆಯ ಯೋಚನೆ. ಬೇರೆ ಕೆಲಸ ಬಿಟ್ಟು ನಲವತ್ತೆರಡಕ್ಕೆ ಹೊಸದಾಗಿ ಈ ವೃತ್ತಿಗೆ ಬಂದವರೂ ಹೊಸಬರೇ, ಅವರಿಗೂ ಅದೇ ಸಂಶಯಗಳು, ಅದೇ ಒಂಟಿತನ.

ಕೆಲಸದ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ, ಬಿಚ್ಚಿ ಹೇಳುತ್ತೇನೆ. ನಾನು ಕಂಡ ಎಷ್ಟೋ ಯುವ ಘಟಕಗಳಿಗೆ ಸಿಗುವುದು ಮೈಕ್ ಜೋಡಿಸುವ ಕೆಲಸ, ನೋಂದಣಿ ಮೇಜಿನ ಕೆಲಸ, ಫೋಟೊ ಹಾಕುವ ಕೆಲಸ. ತೀರ್ಮಾನ ಮಾಡುವ ಕೋಣೆಯ ಬಾಗಿಲು ಅವರಿಗೆ ಮುಚ್ಚಿರುತ್ತದೆ. ಬುದ್ಧಿವಂತರು ಒಂದೇ ವರ್ಷದಲ್ಲಿ ಇದನ್ನು ಗುರುತಿಸಿ ಹೊರಟುಹೋಗುತ್ತಾರೆ. ಆಮೇಲೆ ನಾವು, ಈಗಿನವರಿಗೆ ತಾಳ್ಮೆ ಇಲ್ಲ ಅನ್ನುತ್ತೇವೆ.

ಅವರಿಗೆ ಮತ ಹಾಕುವ ಹಕ್ಕು ಕೊಡಿ. ಅದೇ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1847ರಲ್ಲಿ ಶುರುವಾದ ಹಳೆಯ ಸಂಘ. ಅದರ ಆಡಳಿತ ಮಂಡಳಿಯಲ್ಲಿ ಒಬ್ಬ ವೈದ್ಯಕೀಯ ವಿದ್ಯಾರ್ಥಿಗೆ, ತರಬೇತಿಯಲ್ಲಿರುವ ಒಬ್ಬ ವೈದ್ಯರಿಗೆ, ಒಬ್ಬ ಯುವ ವೈದ್ಯರಿಗೆ ಅಂತಲೇ ಜಾಗ ಇದೆ. ನಿಮ್ಮ ಕಾರ್ಯಕಾರಿ ಸಮಿತಿಯಲ್ಲೂ ಕನಿಷ್ಠ ಎರಡು ಜಾಗ ಇಡಿ. ಒಂದೇ ಇಟ್ಟರೆ ಆ ಒಬ್ಬರು ಹನ್ನೆರಡು ಹಿರಿಯರ ನಡುವೆ ಬಾಯಿ ಬಿಡಲು ಹೆದರುತ್ತಾರೆ. ಇಬ್ಬರಿದ್ದರೆ ಒಬ್ಬರ ಮಾತಿಗೆ ಇನ್ನೊಬ್ಬರು ದನಿ ಸೇರಿಸುತ್ತಾರೆ. ಜೊತೆಗೆ ಒಂದು ಸಣ್ಣ ಬಜೆಟ್ ಕೊಡಿ, ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ಅವರೇ ನಿರ್ಧರಿಸಲಿ, ಲೆಕ್ಕ ಮಾತ್ರ ಒಪ್ಪಿಸಲಿ. ಒಂದು ಕಾರ್ಯಕ್ರಮ ಸೋತರೆ ಸೋಲಲಿ. ಹಿರಿಯರ ಕಾರ್ಯಕ್ರಮಗಳೂ ಸೋತಿವೆಯಲ್ಲ.

ಇನ್ನು ಅಧ್ಯಕ್ಷ ಸ್ಥಾನದ ಅವಧಿ. ಮೇಲೆ ಹೇಳಿದ ಲಂಡನ್ ಸಂಘದಲ್ಲಿ 1820ರಿಂದ 1845ರವರೆಗೆ, ಇಪ್ಪತ್ತೈದು ವರ್ಷದಲ್ಲಿ, ಇಬ್ಬರೇ ಅಧ್ಯಕ್ಷರು ಇದ್ದರು. ಈಗ ಅಲ್ಲಿ ವರ್ಷಕ್ಕೊಬ್ಬರು. ನಿಮ್ಮಲ್ಲಿ ಒಂದೇ ವರ್ಷ ಅಂತ ಇರಬೇಕಾಗಿಲ್ಲ, ಆದರೆ ಒಬ್ಬರು ಎಷ್ಟು ಸಲ ನಿಲ್ಲಬಹುದು ಅಂತ ಬೈಲಾದಲ್ಲಿ ಬರೆದಿರಲಿ. ಮುಂದೆ ಜಾಗ ಖಾಲಿಯಾಗುತ್ತದೆ ಅಂತ ಗೊತ್ತಿದ್ದರೆ ಮಾತ್ರ ಯಾರಾದರೂ ತಯಾರಾಗುತ್ತಾರೆ.

ಪ್ರಶ್ನೆ: ಎಲ್ಲರೂ ವಾಟ್ಸಾಪ್‌ನಲ್ಲೇ ಇರುವಾಗ ಒಂದು ಗುಂಪು ಮಾಡಿದರೆ ಸಾಕಲ್ಲವೇ?

ಉತ್ತರ: ಸಾಲದು. ಶುಭೋದಯದ ಚಿತ್ರಗಳು ಶುರುವಾದ ದಿನ ಹೊಸಬರು ಗುಂಪನ್ನು ಮ್ಯೂಟ್ ಮಾಡುತ್ತಾರೆ. ಪ್ರಕಟಣೆಗೆ ಒಂದು ಗುಂಪು ಇರಲಿ, ಅದರಲ್ಲಿ ಪದಾಧಿಕಾರಿಗಳು ಮಾತ್ರ ಬರೆಯಲಿ. ಸಂಶಯ ಕೇಳಲು ಇನ್ನೊಂದು ಇರಲಿ, ಅಲ್ಲಿ ಕೇಳಿದ ಪ್ರಶ್ನೆಗೆ ಒಂದು ದಿನದೊಳಗೆ ಯಾರಾದರೂ ಉತ್ತರ ಕೊಡುವ ಹಾಗೆ ಇಬ್ಬರಿಗೆ ಜವಾಬ್ದಾರಿ ಕೊಡಿ. ಇಷ್ಟು ತಪ್ಪದೆ ನಡೆದರೆ ತುಂಬ ಉಪಯೋಗ.

ಪ್ರಶ್ನೆ: ನನಗೆ ಎರಡು ವರ್ಷದ ಮಗು ಇದೆ. ಸಂಘದ ಸಭೆಗಳೆಲ್ಲ ಸಂಜೆ ಏಳಕ್ಕೆ, ಒಂಬತ್ತೂವರೆಗೂ ಮುಗಿಯುವುದಿಲ್ಲ. ಬರಬೇಕು ಅಂತ ಆಸೆ ಇದೆ, ಬರಲು ಆಗುತ್ತಿಲ್ಲ. ಕೇಳಿದರೆ, ಮೊದಲಿಂದಲೂ ಹೀಗೇ ಅನ್ನುತ್ತಾರೆ.

ಉತ್ತರ: ಮೊದಲಿಂದಲೂ ಹೀಗೇ ಇದ್ದದ್ದರಿಂದಲೇ ನಿಮ್ಮ ವಯಸ್ಸಿನ ಹೆಣ್ಣುಮಕ್ಕಳು ಅಲ್ಲಿ ಕಾಣುವುದಿಲ್ಲ. ಸಭೆಯ ಹೊತ್ತನ್ನು ಯಾರು ನಿರ್ಧರಿಸುತ್ತಾರೋ ಅವರಿಗೆ ಅನುಕೂಲವಾದ ಹೊತ್ತಿಗೆ ಸಭೆ ನಡೆಯುತ್ತದೆ, ಯಾರು ಬರುತ್ತಾರೆ ಅನ್ನುವುದೂ ಅಲ್ಲೇ ನಿರ್ಧಾರವಾಗಿಬಿಡುತ್ತದೆ. ಈ ಮಾತನ್ನು ನೀವು ಒಬ್ಬರೇ ಕೇಳಬೇಡಿ. ಇದೇ ತೊಂದರೆ ಇರುವ ಐದಾರು ಜನ ಸೇರಿ ಒಂದು ಮನವಿ ಕೊಡಿ: ಮೂರು ಸಭೆಯಲ್ಲಿ ಒಂದಾದರೂ ಮಧ್ಯಾಹ್ನದ ಬಿಡುವಿನಲ್ಲಿ ಅಥವಾ ರಜಾದಿನ ಬೆಳಗ್ಗೆ ಇರಲಿ, ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಇರಲಿ, ಮುಗಿಯುವ ಹೊತ್ತು ಆಮಂತ್ರಣದಲ್ಲೇ ಇರಲಿ, ಆ ಹೊತ್ತಿಗೆ ಮುಗಿಯಲಿ. ಮನೆಯಿಂದ ಜೂಮ್‌ನಲ್ಲಿ ಸೇರುವವರಿಗೂ ಮತ ಹಾಕುವ ಅವಕಾಶ ಇರಬೇಕು. ಬರೀ ನೋಡುತ್ತಾ ಕೂರುವ ಹಾಗಿದ್ದರೆ ಅದು ಟಿವಿ ನೋಡಿದ ಹಾಗೆ. ಹೊತ್ತು ಬದಲಾದರೆ ದೂರದಿಂದ ಬರುವವರಿಗೂ ರಾತ್ರಿ ಪಾಳಿಯವರಿಗೂ ಅನುಕೂಲ, ಅವರನ್ನೂ ಮನವಿಗೆ ಸೇರಿಸಿಕೊಳ್ಳಿ.

ಪ್ರಶ್ನೆ: ಮೂವತ್ತು ವರ್ಷ ಅನುಭವ ಇದೆ. ಕಿರಿಯರಿಗೆ ಮಾರ್ಗದರ್ಶನ ಮಾಡಲು ಸಿದ್ಧ ಅಂತ ಸಂಘದಲ್ಲಿ ಹೆಸರು ಕೊಟ್ಟೆ. ಒಬ್ಬ ಹುಡುಗನನ್ನು ಜೊತೆ ಮಾಡಿದರು. ಎರಡು ಸಲ ಬಂದ, ಆಮೇಲೆ ಪತ್ತೆ ಇಲ್ಲ. ನಾನೇನು ತಪ್ಪು ಮಾಡಿದೆ?

ಉತ್ತರ: ಬಹುಶಃ ನೀವು ಏನೂ ತಪ್ಪು ಮಾಡಿಲ್ಲ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕೊಟ್ಟು ಸಂಘ ತನ್ನ ಕೆಲಸ ಮುಗಿಯಿತು ಅಂದುಕೊಂಡಿದೆ. ಆ ಹುಡುಗ ಎರಡನೇ ಸಲ ಬಂದಾಗ ಕೇಳಲು ಏನೂ ಇರಲಿಲ್ಲ, ಸುಮ್ನೆ ನಿಮ್ಮ ಹೊತ್ತು ಹಾಳು ಮಾಡುತ್ತಿದ್ದೇನೆ ಅಂತ ಅವನಿಗೆ ನಾಚಿಕೆಯಾಗಿರುತ್ತದೆ. ಕಿರಿಯರು ಹೀಗೆ ಕಾಣೆಯಾಗುವುದು ಅಗೌರವದಿಂದ ಅಲ್ಲ, ಹೆಚ್ಚಾಗಿ ಸಂಕೋಚದಿಂದ.

ಮುಂದಿನ ಸಲ ಲೆಕ್ಕ ಹಾಕಿ ಶುರು ಮಾಡಿ. ಆರು ತಿಂಗಳು, ತಿಂಗಳಿಗೆ ಒಂದು ಸಲ, ಒಂದು ಗಂಟೆ. ಆಮೇಲೆ ಇಬ್ಬರೂ ನಿಲ್ಲಿಸಲು ಸ್ವತಂತ್ರರು. ಪ್ರತಿ ಸಲ ಅವನು ತನ್ನ ಕೆಲಸದ್ದೇ ಒಂದು ತುಣುಕು ತರಲಿ, ಬರೆದ ವರದಿ, ಹಾಕಿದ ನಕ್ಷೆ, ಕಳಿಸಬೇಕೋ ಬೇಡವೋ ಅಂತ ಇಟ್ಟುಕೊಂಡ ಇಮೇಲ್, ಯಾವುದಾದರೂ. ಎದುರಿಗೆ ಒಂದು ವಸ್ತು ಇದ್ದರೆ ಮಾತು ತಾನಾಗಿ ಬರುತ್ತದೆ. ನಿಮ್ಮ ಗೆಲುವಿನ ಕಥೆಗಿಂತ, ನಿಮ್ಮ ಮೂರನೇ ವರ್ಷದಲ್ಲಿ ನೀವು ಮಾಡಿದ ದೊಡ್ಡ ತಪ್ಪನ್ನು ಮೊದಲು ಹೇಳಿ. ಆಗ ಅವನೂ ತನ್ನದನ್ನು ಹೇಳುತ್ತಾನೆ.

ನೀವೂ ಅವನಿಂದ ಏನಾದರೂ ಕೇಳಿ ಕಲಿಯಿರಿ. 1999ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜಾಕ್ ವೆಲ್ಚ್ ತಮ್ಮ ಸುಮಾರು 500 ಹಿರಿಯ ಮ್ಯಾನೇಜರ್‌ಗಳಿಗೆ, ಕಿರಿಯರೊಬ್ಬರನ್ನು ಹಿಡಿದು ಇಂಟರ್‌ನೆಟ್ ಕಲಿಯಿರಿ ಅಂತ ಹೇಳಿದ್ದರು. ತಾವೂ ಕಲಿತರು. ಇವತ್ತು ಇಂಟರ್‌ನೆಟ್ ಬದಲು ಎಐ ಉಪಕರಣಗಳು ಇವೆ. ಕೊಡುವುದೂ ಇದೆ, ತೆಗೆದುಕೊಳ್ಳುವುದೂ ಇದೆ ಅಂತಾದರೆ ಅವನು ತಲೆ ಎತ್ತಿಕೊಂಡು ಬರುತ್ತಾನೆ.

ಪ್ರಶ್ನೆ: ನಮ್ಮ ಬೈಲಾ ಪ್ರಕಾರ ಸದಸ್ಯರಾಗಲು ಐದು ವರ್ಷದ ಅನುಭವ, ಕಾಯಂ ಹುದ್ದೆ, ಇಬ್ಬರು ಸದಸ್ಯರ ಶಿಫಾರಸು ಬೇಕು. ಇದನ್ನು ಬದಲಿಸಿದರೆ ಸಂಘದ ಮಟ್ಟ ಇಳಿಯುತ್ತದೆ ಅಂತ ಕೆಲವರು ಹೇಳುತ್ತಾರೆ.

ಉತ್ತರ: ಐದು ವರ್ಷ ಕಾಯಿಸಿದರೆ ಮೊದಲ ಹತ್ತು ವರ್ಷದಲ್ಲಿ ಅರ್ಧ ಹೋಯಿತು. ಅಷ್ಟರಲ್ಲಿ ಅವರು ನಿಮ್ಮ ಸಂಘವಿಲ್ಲದೆ ಬದುಕಲು ಕಲಿತಿರುತ್ತಾರೆ. ಮಟ್ಟದ ಕಾಳಜಿ ನನಗೂ ಅರ್ಥವಾಗುತ್ತದೆ. ಸಂಘದ ಹೆಸರಿಗೆ ಬೆಲೆ ಇರಬೇಕು. ಅದಕ್ಕೆ ದಾರಿ ಇದೆ, ದರ್ಜೆ ಮಾಡಿ. ಹೆಸರಿನ ಮುಂದೆ ಹಾಕಿಕೊಳ್ಳುವ ಪೂರ್ಣ ದರ್ಜೆಗೆ ಅನುಭವ, ಪರೀಕ್ಷೆ ಎಲ್ಲ ಇರಲಿ. ಒಳಗೆ ಬಂದು ಕೂತು ಕಲಿಯುವ ದರ್ಜೆಗೆ ಈ ವೃತ್ತಿಯಲ್ಲಿ ಓದುತ್ತಿದ್ದಾರೆ ಅಥವಾ ದುಡಿಯುತ್ತಿದ್ದಾರೆ ಅನ್ನುವುದು ಸಾಕು. ಕಾಯಂ ಹುದ್ದೆಯ ನಿಯಮವನ್ನಂತೂ ಈ ವರ್ಷವೇ ತೆಗೆಯಿರಿ. ಗುತ್ತಿಗೆ ಮೇಲೆ, ಫ್ರೀಲಾನ್ಸ್ ಆಗಿ ದುಡಿಯುವವರು ಎಷ್ಟೊಂದು ಜನ ಇದ್ದಾರೆ. ರಜೆ ಇಲ್ಲ, ವಿಮೆ ಇಲ್ಲ, ಕೇಳುವವರಿಲ್ಲ. ಸಂಘ ಎಲ್ಲರಿಗಿಂತ ಜಾಸ್ತಿ ಬೇಕಿರುವುದು ಅವರಿಗೇ. ಇಬ್ಬರ ಶಿಫಾರಸು ಅನ್ನುವುದೂ ಹಾಗೆಯೇ, ಯಾರ ಪರಿಚಯವೂ ಇಲ್ಲದವರು ಪರಿಚಯಕ್ಕಾಗಿಯೇ ಬರುತ್ತಾರೆ, ಅವರು ಎಲ್ಲಿಂದ ತರಬೇಕು?

ಪ್ರಶ್ನೆ: ಈ ಸಂಘವನ್ನು ಕಟ್ಟಿದವರಲ್ಲಿ ನಾನೂ ಒಬ್ಬ. ಕೈಯಿಂದ ಹಣ ಹಾಕಿ, ಮನೆ ಮನೆಗೆ ಓಡಾಡಿ ಕಟ್ಟಿದ್ದೇವೆ. ಈಗ ಎಲ್ಲರೂ ಯುವಕರು ಯುವಕರು ಅನ್ನುತ್ತಾರೆ. ನಾವು ಪಕ್ಕಕ್ಕೆ ಸರಿಯಬೇಕೇ?

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. ನೀವು ಓಡಾಡದೆ ಇದ್ದಿದ್ದರೆ ಇವತ್ತು ಯುವಕರನ್ನು ಕರೆಯಲು ಸಂಘವೇ ಇರುತ್ತಿರಲಿಲ್ಲ. ಇದನ್ನು ಯಾರೂ ಮರೆಯಬಾರದು, ಸಂಘ ಹೇಗೆ ಶುರುವಾಯಿತು ಅಂತ ಹೊಸ ಸದಸ್ಯರಿಗೆ ನೀವೇ ಕೂತು ಹೇಳಬೇಕು.

ಆ ಲಂಡನ್ನಿನ ಹುಡುಗರ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೆ, ಉಳಿದ ಅರ್ಧ ನಿಮಗಾಗಿ. ಸಂಘ ಶುರುವಾಗಿ ಎರಡು ವರ್ಷವಾದರೂ ಸದಸ್ಯರು ಕಡಿಮೆ ಇದ್ದರು, ಹೊರಗೆ ಹೆಸರಿರಲಿಲ್ಲ. 1820ರಲ್ಲಿ ಅವರು ಥಾಮಸ್ ಟೆಲ್‌ಫರ್ಡ್ ಅವರ ಹತ್ತಿರ ಹೋಗಿ ನಮ್ಮ ಅಧ್ಯಕ್ಷರಾಗಿ ಅಂತ ಕೇಳಿದರು. ರಸ್ತೆ, ಕಾಲುವೆ, ಸೇತುವೆಗಳಿಂದ ಹೆಸರಾದ ಟೆಲ್‌ಫರ್ಡ್ ಹುಟ್ಟಿದ್ದು 1757ರಲ್ಲಿ, ಅಂದರೆ ಆಗ ಅರವತ್ತು ದಾಟಿದ್ದರು. ತಮ್ಮ ಮಕ್ಕಳ ವಯಸ್ಸಿನವರು ಕಟ್ಟಿದ ಸಂಘಕ್ಕೆ ಅವರು ಹೋದರು. ಅವರ ಹೆಸರನ್ನು ನೋಡಿ ಬೇರೆಯವರು ಬಂದರು. 1828ರಲ್ಲಿ ಸಂಘಕ್ಕೆ ರಾಜನ ಸನ್ನದು, ಅಂದರೆ ಅಧಿಕೃತ ಮಾನ್ಯತೆ ಸಿಕ್ಕಿತು. 1834ರಲ್ಲಿ ತೀರಿಕೊಂಡಾಗ ಅವರು ಸಂಘಕ್ಕೆ ಹಣವನ್ನೂ ಬರೆದಿಟ್ಟಿದ್ದರು.

ಹುಡುಗರ ಹತ್ತಿರ ಹುರುಪು ಇತ್ತು, ಅವರ ಮಾತನ್ನು ಹೊರಗಿನವರು ಕೇಳುವ ಹಾಗೆ ಮಾಡುವ ಶಕ್ತಿ ಇರಲಿಲ್ಲ. ಆ ಶಕ್ತಿ ಟೆಲ್‌ಫರ್ಡ್ ಹತ್ತಿರ ಇತ್ತು. ನಿಮ್ಮ ಹತ್ತಿರವೂ ಇದೆ. ಯಾವ ಅಧಿಕಾರಿಯ ಬಾಗಿಲು ತಟ್ಟಿದರೆ ಕೆಲಸವಾಗುತ್ತದೆ, ಯಾವ ಹಳೆಯ ಜಗಳ ಯಾಕೆ ಶುರುವಾಯಿತು, ಯಾರ ಮಾತನ್ನು ಎಷ್ಟು ನಂಬಬೇಕು ಅನ್ನುವುದೆಲ್ಲ ನಿಮ್ಮ ತಲೆಯಲ್ಲಿದೆ. ಪಕ್ಕಕ್ಕೆ ಸರಿಯಿರಿ ಅಂತ ನಾನು ಹೇಳುವುದಿಲ್ಲ. ಸಮಿತಿಯ ಕುರ್ಚಿಯನ್ನು ಬಿಟ್ಟುಕೊಟ್ಟು, ಆ ಕುರ್ಚಿಯಲ್ಲಿ ಕೂತವರ ಪಕ್ಕ ಕೂತುಕೊಳ್ಳಿ. ಅವರು ತೀರ್ಮಾನ ಮಾಡಲಿ, ನೀವು ಆ ತೀರ್ಮಾನವನ್ನು ಹಿಡಿದು ನಿಮ್ಮ ಪರಿಚಯದವರ ಬಾಗಿಲು ತಟ್ಟಿ.

ಮುಂದಿನ ಮಹಾಸಭೆಗೆ ಹೋಗುವ ಮುಂಚೆ, ಕಳೆದ ವರ್ಷ ಸೇರಿದವರಲ್ಲಿ ಒಬ್ಬರಿಗೆ ನೀವೇ ಫೋನ್ ಮಾಡಿ, ನನ್ನ ಪಕ್ಕ ಬಂದು ಕೂತುಕೋ ಅಂತ ಕರೆಯಿರಿ. ಏನಾಯಿತು ಅಂತ ನನಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.